ಹದಿನೆಂಟು ಗ್ರಾಂ

"ಕಣ್ಣು ಎಲ್ಲಿಟ್ಕೊಂಡು ಉಜ್ಜಿದ್ದೀಯೇ ಮುಂಡೇದೆ? ಇದೇನು ನಿಮ್ಮನೆ ತಳ ಹಿಡಿದ ಪಾತ್ರೆ ಅಂದ್ಕೊಂಡ್ಯಾ?"

ಸೂಪರ್‌ವೈಸರ್ ಎಸೆದ ತುಂಡು ನನ್ನ ಮೊಣಕಾಲಿಗೆ ಬಡಿದು ಬೆಂಚಿನ ಕೆಳಗೆ ಉರುಳಿತು. ಬಗ್ಗಿ ಎತ್ತಿಕೊಂಡೆ. ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನಿನ ತೋಳು ಮಡಚುವ ಕೀಲು ಅದು. ಯಂತ್ರ ಕಡೆದು ಕೊಟ್ಟ ಮೇಲೆ ಅಂಚಿನಲ್ಲಿ ಉಳಿಯುವ ಮುಳ್ಳುಗಳನ್ನು ಅರದಿಂದ ಬಿಡಿಸುವುದು ನಮ್ಮ ಬೆಂಚಿನ ಆರು ಹೆಂಗಸರ ಕೆಲಸ. ಕೂದಲೆಳೆಯ ಅರ್ಧದಷ್ಟು ಹೆಚ್ಚು ಉಜ್ಜಿದರೂ ತುಂಡು ಕಸಕ್ಕೆ ಹೋಗುತ್ತದೆ. ಮಾತಿಗೊಮ್ಮೆ ಮೈಕ್ರಾನ್ ಲೆಕ್ಕ ಹೇಳುತ್ತಿದ್ದ ಸೂಪರ್‌ವೈಸರ್‌ಗೆ ನಾವು ಮೈಕ್ರಾನ್ ಎಂದೇ ಹೆಸರಿಟ್ಟಿದ್ದೆವು.

"ಅರ ಜಾಸ್ತಿ ಕಚ್ತಿದೆ ಸಾರ್," ಅಂದೆ. "ಈ ಸಲದ ಲೋಹ ಬೇರೆ ಥರ ಇದೆ. ತೂಕಾನೂ ಕಮ್ಮಿ."

"ಕಮ್ಮಿ ಇರ್ಲಿ ಅಂತಾನೇ ತರಿಸಿರೋದು. ಒಂದೊಂದರಲ್ಲೂ ಹದಿನೆಂಟು ಗ್ರಾಂ ಉಳೀತು. ಅಷ್ಟು ಔಷಧಿ ಜಾಸ್ತಿ ಹೊರುತ್ತೆ ಡ್ರೋನು. ನಿನ್ ತಲೇಲಿ ಎಷ್ಟು ಗ್ರಾಂ ಮಿದುಳಿದೆ, ಅದನ್ನೂ ಒಂದ್ಸಲ ತೂಗ್ಬೇಕು." ತನ್ನ ಮಾತಿಗೆ ತಾನೇ ನಕ್ಕು ಮುಂದೆ ಹೋದ.

ಚಹಾದ ಬಿಡುವಿನಲ್ಲಿ ಭಾವ ಕಣ್ಸನ್ನೆ ಮಾಡಿ ಕರೆದರು. ಭಾವ ಎಂದರೆ ನನ್ನಕ್ಕನ ಗಂಡ. ಹದಿನಾಲ್ಕು ವರ್ಷದಿಂದ ಯಂತ್ರ ನಡೆಸುವವರು, ನನಗೆ ಈ ಕೆಲಸ ಕೊಡಿಸಿದವರು. ನಾವಿಬ್ಬರೂ ಬೆಳಗಿನ ಪಾಳಿ, ಅಕ್ಕ ಮಧ್ಯಾಹ್ನ ಎರಡರ ಪಾಳಿ. ಗಂಡ ಹೆಂಡತಿ ಮುಖ ನೋಡುತ್ತಿದ್ದುದೇ ಹೆಚ್ಚಾಗಿ ಕಾರ್ಖಾನೆಯ ಗೇಟಿನಲ್ಲಿ.

"ಇಲ್ಲಿ ಅಂಗೈ ಇಡು," ಎಂದು ಲೋಹದ ಚೂರು ತುಂಬುವ ಡಬ್ಬ ತೋರಿಸಿದರು. ಇಟ್ಟೆ. ಜ್ವರ ಬಂದವರ ಹಣೆಯಂತೆ ಬೆಚ್ಚಗಿತ್ತು. ಮುಚ್ಚಳ ಸರಿಸಿದರು. ಯಂತ್ರವನ್ನು ತಂಪು ಮಾಡಲು ಸುರಿಯುವ ಹಾಲಿನಂಥ ನೀರಿನಲ್ಲಿ ಬೂದು ಬಣ್ಣದ ಚೂರುಗಳು ನೆನೆದಿದ್ದವು. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

"ಏನ್ ಭಾವ ಇದು, ಅನ್ನಕ್ಕೆ ಎಸರು ಬಂದ ಹಾಗಿದೆ?"

ಅವರು ನಗಲಿಲ್ಲ. "ಇದು ಅಲ್ಯೂಮಿನಿಯಂ ಅಲ್ಲ ಕಣಮ್ಮ. ಮೆಗ್ನೀಸಿಯಂ. ನೀರಲ್ಲಿ ನೆನೆದ್ರೆ ತಾನಾಗೇ ಬಿಸಿಯಾಗಿ ಉರಿಯೋ ಗಾಳಿ ಬಿಡುತ್ತೆ. ನಿನ್ನೆ ಯಂತ್ರದೊಳಗೆ ಬೆಳ್ಳಗೆ ಒಂದು ಕಿಡಿ ಹಾರ್ತು. ಆಗಲೇ ಗೊತ್ತಾಯ್ತು. ಇದು ಹೊತ್ಕೊಂಡ್ರೆ ನೀರು ಹಾಕೋ ಹಾಗೇ ಇಲ್ಲ, ಹಾಕಿದ್ರೆ ಸಿಡಿಯುತ್ತೆ. ಒಣಗಿದ ಮರಳೊಂದೇ ಗತಿ. ನಮ್ಮ ಹಳೇ ಕಾರ್ಖಾನೇಲಿ ಒಬ್ಬ ಗೊತ್ತಿಲ್ದೆ ಬಕೆಟ್ ನೀರು ಎಸೆದ. ಅವನ ಹೆಂಡತಿ ಬೆಲ್ಟಿನ ಬಕಲ್ ನೋಡಿ ಗುರುತು ಹಿಡಿದ್ಲು."

ಷೆಡ್ಡಿನ ಸುತ್ತ ಕಣ್ಣಾಡಿಸಿದೆ. ಗೋಡೆಗೆ ಸಾಲಾಗಿ ನೇತುಹಾಕಿದ್ದ ಕೆಂಪು ಬಕೆಟ್‌ಗಳ ತುಂಬ ನೀರೇ. ಕಿಟಕಿ ಇರಲಿಲ್ಲ, ಎತ್ತರದಲ್ಲಿ ಕಂಬಿ ಹಾಕಿದ ಗವಾಕ್ಷಿಗಳಿದ್ದವು. ಇದ್ದ ಒಂದೇ ಬಾಗಿಲು, ಎರಡು ಕಬ್ಬಿಣದ ಕದಗಳದ್ದು. ಲೋಹ ಕಳುವಾಗುತ್ತದೆ ಎಂದು ಪಾಳಿ ಶುರುವಾದ ಕೂಡಲೇ ಹೊರಗಿನಿಂದ ಅದಕ್ಕೆ ಸರಪಳಿ ಬಿಗಿದು ಬೀಗ ಹಾಕುತ್ತಿದ್ದರು. ಇಷ್ಟು ದಿನ ಆ ಸರಪಳಿಯ ಸದ್ದು ನನಗೆ ಪಾಳಿಯ ಗಂಟೆಯ ಹಾಗೆ ಕೇಳುತ್ತಿತ್ತು. ಈಗ ನಮ್ಮ ಬೆಂಚಿನಿಂದ ಆ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದೆ.

ಷೆಡ್ಡಿನ ಮೂಲೆಯಲ್ಲಿದ್ದ ಗಾಜಿನ ಕೋಣೆಯೇ ಮಾಲೀಕರ ಆಫೀಸು. ಭಾವ ಒಬ್ಬರೇ ಹೋಗುವುದು ಬೇಡ ಎಂದು ನಾನೂ ಹಿಂದೆ ಹೋದೆ.

"ಸಾರ್, ನಾಲ್ಕು ಮೂಟೆ ಒಣ ಮರಳು ತರಿಸಿಕೊಡಿ. ಡಬ್ಬಗಳನ್ನ ಹೊರಗೆ ಇಡಿಸಿ. ಆಮೇಲೆ, ಆ ಸರಪಳಿ ಒಂದು..."

"ಯಾವ ಕಾಲೇಜಲ್ಲೋ ಓದಿದ್ದು ನೀನು ಬೋಳಿಮಗನೇ?" ಮಾಲೀಕರು ಸಿಗರೇಟಿನ ಬೂದಿಯನ್ನು ಆಶ್‌ಟ್ರೇಗೆ ಉದುರಿಸಿದರು. "ಬಂದಿರೋದು ಅಲ್ಯೂಮಿನಿಯಂ. ಕಾಗದದಲ್ಲಿ ಹಾಗೇ ಇದೆ. ಬಾಗಿಲು ತೆಗೀಬೇಕಂತೆ, ಡಬ್ಬ ಹೊರಗಿಡಬೇಕಂತೆ! ಯಾಕೆ ಅಂತ ನಂಗೆ ಗೊತ್ತಾಗಲ್ವಾ? ಬಿಚ್ಚೋ ಶರ್ಟು."

ಭಾವ ಶರ್ಟಿನ ಗುಂಡಿಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದರು.

"ಬಿಚ್ಚು ಅಂದೆ. ಪ್ಯಾಂಟೂ ಬಿಚ್ಚು."

ಮೇಜಿನ ಪಕ್ಕ ನಿಂತಿದ್ದ ಮೈಕ್ರಾನ್ ಮುಂದೆ ಬಂದು ಅವರ ಕಾಲರಿಗೆ ಕೈ ಹಾಕಿದ. ಗಾಜಿನಾಚೆ ಬೆಂಚಿನ ಹೆಂಗಸರೆಲ್ಲ ಅರ ನಿಲ್ಲಿಸಿ ನೋಡುತ್ತಿದ್ದರು. ನನ್ನನ್ನು ನೋಡಲು ಗಂಡಿನ ಮನೆಯವರು ಬಂದಾಗಲೂ ನಾಚಿ ಬಾಗಿಲ ಮರೆಯಲ್ಲಿ ನಿಂತಿದ್ದ ಮನುಷ್ಯ, ತನ್ನ ನಾದಿನಿಯ ಮುಂದೆ ತೂತು ಬನಿಯನ್, ಚಡ್ಡಿಯಲ್ಲಿ ನಿಂತು ಗೋಡೆ ನೋಡುತ್ತಿದ್ದರು. ಮೈಕ್ರಾನ್ ಪ್ಯಾಂಟನ್ನು ಮೇಜಿನ ಮೇಲೆ ಕೊಡವಿದ. ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಚೂರುಗಳು ಉದುರಿದವು. ದಿನವೂ ಎಲ್ಲರ ಬಟ್ಟೆಯಲ್ಲೂ ಇರುವಂಥವೇ, ಒಂದು ಚಿಟಿಕೆ.

"ಸಿಕ್ತಲ್ಲ ಮಾಲು," ಅಂದರು ಮಾಲೀಕರು. "ಕಳ್ಳ ನನ್ಮಗ."

ನಾನು ಯೋಚಿಸಿ ಮಾಡಿದ್ದಲ್ಲ. ಆ ಚಿಟಿಕೆ ಚೂರನ್ನು ಬಳಿದು ಗಾಜಿನ ಆಶ್‌ಟ್ರೇಗೆ ಹಾಕಿ, ಮಾಲೀಕರದೇ ಲೈಟರ್ ಎತ್ತಿಕೊಂಡು ಹಚ್ಚಿಬಿಟ್ಟೆ.

ಕೋಣೆ ತುಂಬ ಬೆಳ್ಳನೆಯ ಬೆಳಕು ಭಗ್ಗೆಂದಿತು. ನೋಡಲಾಗದಷ್ಟು ಬಿಳಿ. ಮಾಲೀಕರ ಕುರ್ಚಿ ಹಿಂದಕ್ಕೆ ಬಿತ್ತು. ಮೈಕ್ರಾನ್ ನೀರಿನ ಬಾಟಲಿ ಎತ್ತಿದ. ಚಡ್ಡಿಯಲ್ಲಿದ್ದ ಭಾವ ಹಾರಿ ಅವನ ಮಣಿಕಟ್ಟು ಹಿಡಿದರು. "ನೀರು ಬೇಡ! ನೀರು ಬೇಡ ಸಾರ್, ನಿಮ್ ಕಾಲಿಗೆ ಬೀಳ್ತೀನಿ!"

ಆಶ್‌ಟ್ರೇ ಫಟ್ಟೆಂದು ಸೀಳಿತು. ಬಿಳಿ ಬೂದಿ ಉಳಿಯಿತು.

"ಅಲ್ಯೂಮಿನಿಯಂ ಹೀಗೆ ಉರಿಯುತ್ತಾ ಸಾರ್?" ಅಂದೆ.

ಮಾಲೀಕರು ಗೋಡೆಗೆ ಒರಗಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು. "ಹೊರಗೆ ಬಾಯಿ ಬಿಟ್ರೆ ಇಬ್ಬರ ಮೇಲೂ ಕಳ್ಳತನದ ಕೇಸು. ಒಳಗೆ ಹಾಕಿಸ್ತೀನಿ. ಹೋಗಿ ಕೆಲ್ಸ ನೋಡಿ."

ಮಾರನೆಯ ದಿನ ಬೆಳಗ್ಗೆ ಪಾಳಿಗೆ ಬಂದಾಗ ನಾಲ್ಕು ಜನ ಮಾಲೀಕರ ಮೇಜನ್ನು ಹೊತ್ತು ರಸ್ತೆ ದಾಟುತ್ತಿದ್ದರು. ಕುರ್ಚಿ, ಕಂಪ್ಯೂಟರ್, ಕಾಗದದ ಕಪಾಟು, ಎಲ್ಲವೂ ಎದುರಿನ ಕಟ್ಟಡಕ್ಕೆ. ನಮ್ಮ ಪಾಳಿ ಮುಗಿಯುವುದರೊಳಗೆ ಮೈಕ್ರಾನ್ ಕೂಡ ತನ್ನ ಅಳತೆಯ ಉಪಕರಣಗಳನ್ನೆಲ್ಲ ಗೇಟಿನ ಪಕ್ಕದ ಕಾವಲುಗಾರನ ಕೋಣೆಗೆ ಸಾಗಿಸಿದ. ಅಲ್ಲಿ ಬೆಳಕು ಚೆನ್ನಾಗಿದೆಯಂತೆ.

ಮರಳು ಬರಲಿಲ್ಲ. ಸರಪಳಿಗೆ ಹೊಸ ಬೀಗ ಬಂತು.

ಆ ದಿನ ಬೆಂಚಿನಲ್ಲಿ ಯಾರೂ ಹಾಡು ಗುನುಗಲಿಲ್ಲ, ಅತ್ತೆಯ ಮೇಲೆ ಚಾಡಿ ಹೇಳಲಿಲ್ಲ. ಯಂತ್ರದ ಸದ್ದು ಕೊಂಚ ಬದಲಾದರೂ ಆರು ತಲೆಗಳು ಒಟ್ಟಿಗೆ ಮೇಲೇಳುತ್ತಿದ್ದವು. ಕಸ ಗುಡಿಸುವ ಅಜ್ಜಿ ಡಬ್ಬಗಳ ಹತ್ತಿರ ಪೊರಕೆಯನ್ನು ಕಾಲಿನ ತುದಿಯಲ್ಲಿ ನಿಂತು ಆಡಿಸುತ್ತಿದ್ದಳು. ರಾತ್ರಿ ಒಲೆಯ ಮುಂದೆ ಬೆಂಕಿಕಡ್ಡಿ ಗೀರಲು ನನಗೆ ಮೂರು ಸಲ ಬೇಕಾಯಿತು.

ಮೂರನೆಯ ದಿನ ಹನ್ನೆರಡರ ಸುಮಾರಿಗೆ ಭಾವ ಒಂದು ಡಬ್ಬ ಮುಟ್ಟಿ ತಟ್ಟನೆ ಕೈ ತೆಗೆದರು. ಬೆಚ್ಚಗಲ್ಲ, ಬಿಸಿ. ಮುಚ್ಚಳ ತಾನಾಗಿ ಸಣ್ಣಗೆ ಅದುರುತ್ತಿತ್ತು. ಭಾವ ನನ್ನ ಕಡೆ ನೋಡಿದರು. ಅವರ ತುಟಿ ಬಿಳಿಚಿಕೊಂಡಿತ್ತು. ಹೋಗಿ ಯಂತ್ರದ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದರು. ಕಡೆಯುತ್ತಿದ್ದ ಉಳಿ ಲೋಹದೊಳಗೇ ಕಚ್ಚಿಕೊಂಡು ನಿಂತಿತು. ಷೆಡ್ಡು ನಿಶ್ಶಬ್ದವಾಯಿತು.

"ಬೀಗ ತೆಗೀರಿ ಸಾರ್!" ನಾನು ಕದಗಳ ಸಂದಿಯಲ್ಲಿ ಬಾಯಿಟ್ಟು ಕೂಗಿದೆ.

"ಎರಡು ಗಂಟೆಗೆ ತೆಗೀತೀನಿ," ಕಾವಲುಗಾರನ ಕೋಣೆಯಿಂದ ಮೈಕ್ರಾನ್ ದನಿ ಬಂತು. "ಯಂತ್ರ ಯಾಕೆ ನಿಂತಿದೆ?"

ಸಂದಿಯಲ್ಲಿ ಸರಪಳಿಯ ಒಂದು ಕೊಂಡಿ ಕಾಣುತ್ತಿತ್ತು. ಭಾವ ಗರಗಸದ ಬ್ಲೇಡನ್ನು ಅಲ್ಲಿ ತೂರಿಸಿದರು. ಅವಸರಕ್ಕೆ ಬ್ಲೇಡು ಮುರಿಯಿತು. ಇನ್ನೊಂದನ್ನು ನಾನು ತೆಗೆದುಕೊಂಡೆ. ನನ್ನ ತೋಳು ಸೋತಾಗ ಪಕ್ಕದವಳು, ಆಮೇಲೆ ಅವಳ ಪಕ್ಕದವಳು. ಮೂರು ವರ್ಷ ಅರ ಹಿಡಿದ ಕೈಗಳು, ಎಲ್ಲಿ ಒತ್ತಬೇಕು ಎಲ್ಲಿ ಸಡಿಲಿಸಬೇಕು ಎಂದು ಗೊತ್ತಿತ್ತು. ಅಜ್ಜಿ ನಮ್ಮ ಬೆನ್ನ ಹಿಂದೆ ನಿಂತು, "ಬೇಗ ಕಣ್ರವ್ವಾ, ಬೇಗ," ಎನ್ನುತ್ತ ಡಬ್ಬದ ಕಡೆಗೇ ನೋಡುತ್ತಿದ್ದಳು.

"ಕಂಪನಿ ಆಸ್ತಿ ಕಣ್ರೇ ಅದು! ಕೊಯ್ತಿದ್ದೀರಲ್ರೇ!" ಮೈಕ್ರಾನ್ ಹೊರಗೆ ಕುಣಿದಾಡುತ್ತಿದ್ದ. ಹತ್ತಿರ ಮಾತ್ರ ಬರಲಿಲ್ಲ.

ಕೊಂಡಿ ತುಂಡಾಗುವಾಗ ಎರಡು ಗಂಟೆಯಾಗುತ್ತ ಬಂದಿತ್ತು. ನಾವು ಬಿಸಿಲಿಗೆ ಬಿದ್ದೆವು. ಒಬ್ಬಳು ವಾಂತಿ ಮಾಡಿಕೊಂಡಳು. ಗೇಟಿನಲ್ಲಿ ಎರಡರ ಪಾಳಿಯವರು ಬಂದು ನಿಂತಿದ್ದರು. ಅವರಲ್ಲಿ ನನ್ನಕ್ಕ.

ಎದುರು ಕಟ್ಟಡದ ಮೆಟ್ಟಿಲ ಮೇಲೆ ಮಾಲೀಕರು ಕಾಣಿಸಿಕೊಂಡರು. "ಹೊರಗೆ ಬಂದೋರು ಹೊರಗೇ ಇರ್ಲಿ. ಒಳಗೆ ಹೋಗೋರು ಹೋಗಿ. ಐದು ನಿಮಿಷ ಕೊಡ್ತೀನಿ. ಆಮೇಲೆ ಬೇರೆಯೋರು ಬರ್ತಾರೆ."

"ಹೋಗ್ಬೇಡ ಅಕ್ಕ. ಡಬ್ಬ ಕೆಂಡ ಆಗಿದೆ ಒಳಗೆ."

ಅಕ್ಕ ಭಾವನ ಮುಖ ನೋಡಿದಳು. ಭಾವ ತಲೆ ಅಲ್ಲಾಡಿಸಿದರು. ಅವಳ ಕಣ್ಣಲ್ಲಿ ನೀರು ತುಂಬಿತು. "ನಿಮ್ಮಿಬ್ಬರದೂ ಹೋಯ್ತಲ್ಲೇ. ನಂದೂ ಹೋದ್ರೆ ಮನೇಲಿ ಒಲೆ ಉರೀಬೇಡ್ವಾ?" ಎಂದು ನನ್ನ ಕೈ ಬಿಡಿಸಿಕೊಂಡಳು. ಅವಳ ಹಿಂದೆ ಇನ್ನೂ ಏಳು ಜನ ತಲೆ ತಗ್ಗಿಸಿ ಒಳಗೆ ಹೋದರು.

ಮೈಕ್ರಾನ್ ಎಲ್ಲಿಂದಲೋ ಹೊಸ ಸರಪಳಿ ತಂದ.

ನನಗೆ ಧೈರ್ಯ ಬಂತು ಎಂದರೆ ಸುಳ್ಳಾಗುತ್ತದೆ. ಅಕ್ಕನ ಹಿಂದೆಯೇ ಬಾಗಿಲವರೆಗೆ ಹೋಗಿದ್ದೆ. ನಿಲ್ಲಲಾಗದೆ ಕೂತುಬಿಟ್ಟೆ. ಕೂತದ್ದು ಮಾತ್ರ ಹೊಸ್ತಿಲ ಮೇಲೆ, ಎರಡು ಕದಗಳ ನಡುವೆ.

"ಏಳೇ."

"ಏಳಲ್ಲ."

"ಕಾಲು ಮುರೀತೀನಿ ನೋಡು."

"ಮುರಿ. ಮುಚ್ಚೋದಾದ್ರೆ ನನ್ನ ಮೇಲೇ ಮುಚ್ಚು."

ಅವನು ಕದವನ್ನು ತಳ್ಳಿದ. ಕಬ್ಬಿಣ ನನ್ನ ಭುಜಕ್ಕೆ ಬಡಿಯಿತು. ಬೆನ್ನ ಹಿಂದೆ ಯಾರೋ ಗುಂಡಿ ಒತ್ತಿದರು, ಯಂತ್ರ ಮತ್ತೆ ಶುರುವಾಯಿತು. ತಿರುಗಿ ನೋಡುವಷ್ಟು ಎದೆ ನನಗಿರಲಿಲ್ಲ. ಕಣ್ಣು ಮುಚ್ಚಿ, ಬೆನ್ನನ್ನು ಒಂದು ಕದಕ್ಕೆ ಕೊಟ್ಟು, ಎರಡೂ ಪಾದಗಳನ್ನು ಇನ್ನೊಂದು ಕದಕ್ಕೆ ಒತ್ತಿ ಹಿಡಿದೆ.