ಬಿಚ್ಚದ ಚಾಕುವಿನ ಕೀರ್ತಿ

ನೋಡೋಣಪ್ಪನಿಗೆ ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ಊಟಕ್ಕೆ ಏಳಯ್ಯಾ ಅಂದರೂ "ನೋಡೋಣ" ಅನ್ನುತ್ತಿದ್ದ ಅವನ ಬಾಯಿಯೇ ಇಟ್ಟದ್ದು. ಹಣ್ಣಿನ ಗಿಡಗಳ ಸಸಿತೋಟದಲ್ಲಿ ಇಪ್ಪತ್ತು ವರ್ಷದಿಂದ ಕಸಿ ಕಟ್ಟುವ ಕೆಲಸ. ಅವನು ಕಟ್ಟಿದ ಕಸಿ ನೂರಕ್ಕೆ ತೊಂಬತ್ತು ಹಿಡಿಯುತ್ತಿತ್ತು. ಅಂಥವನ ಎದುರಿಗೆ ಎರಡು ಚೊಂಬು ಇಟ್ಟು ಒಂದನ್ನು ಆರಿಸು ಅಂದರೆ ಬೆವರುತ್ತಿದ್ದ. ಬೆವರಿದರೆ ಕೈ ಬಾಯಿಗೆ ಹೋಗುತ್ತಿತ್ತು. ಕೈ ಬಾಯಿಗೆ ಹೋದರೆ ಉಗುರು ಉಳಿಯುತ್ತಿರಲಿಲ್ಲ.

ಉಗುರು ಕಚ್ಚುವ ಚಾಳಿ ಬಿಟ್ಟೆ ಅಂತ ಮದುವೆಯಾದ ವರ್ಷವೇ ಹೆಂಡತಿಗೆ ಮಾತು ಕೊಟ್ಟಿದ್ದ. ಅವಳು ನಂಬಿದ್ದಳು. ಅವಳೂ ಅದೇ ತೋಟದಲ್ಲಿ ಚೀಲಕ್ಕೆ ಮಣ್ಣು ತುಂಬುವ ಕೆಲಸದವಳು. ಗಂಡನ ಕೈ ಹಿಡಿದು ನೋಡುತ್ತ ಕೂರುವಷ್ಟು ಬಿಡುವು ಆಮೇಲೆ ಇಬ್ಬರಿಗೂ ಸಿಕ್ಕಿರಲಿಲ್ಲ.

ಆ ವರ್ಷ ಅವನ ಹಳೆಯ ಚಾಕು ಮಸೆದು ಮಸೆದು ಹಲ್ಲುಕಡ್ಡಿಯಷ್ಟಾಗಿ, ಒಂದು ದಿನ ಹಿಡಿಯಿಂದ ಕಳಚಿ ಬಿತ್ತು. ಹೆಂಡತಿಯ ಅಡುಗೆಮನೆ ಚಾಕುವನ್ನು ಕದ್ದೊಯ್ದು ತಂತಿ ಕೊಯ್ದ. ಸಂಜೆ ಅವಳು ಅದರಲ್ಲಿ ಈರುಳ್ಳಿ ಹೆಚ್ಚಲು ಹೋದರೆ ಈರುಳ್ಳಿ ಜಜ್ಜಿಹೋಯಿತು.

"ತೊಗಟೆ ಬಿಡೋ ಹೊತ್ತಿಗೆ ನಿಮ್ಮದೊಂದು ಚಾಕು ನಿಮ್ಮ ಜೇಬಲ್ಲಿರಬೇಕು. ಇಲ್ದಿದ್ರೆ ಹಲ್ಲಲ್ಲೇ ಕಸಿ ಕಟ್ಟಿ," ಅಂದಳು.

ತೊಗಟೆ ಬಿಡುವುದು ಅಂದರೆ, ಗಿಡದಲ್ಲಿ ರಸ ಏರಿ, ತೊಗಟೆ ಒಳಮರದಿಂದ ಮೆಲ್ಲಗೆ ಸಡಿಲವಾಗುವುದು. ವರ್ಷಕ್ಕೊಮ್ಮೆ ಹತ್ತು ಹನ್ನೆರಡು ದಿನ. ಅಷ್ಟರಲ್ಲಿ ಕಟ್ಟಿದ ಕಸಿಗೆ ಮಾತ್ರ ಜೀವ. ಮೊದಲ ದಿನ ಮೊದಲ ಗಿಡಕ್ಕೆ ಗಾಯ ಹಾಕುವವನೇ ಆ ವರ್ಷ ಏಳು ಜನ ಕಸಿಗಾರರಿಗೆ ಮುಂದಾಳು. ಒಂಬತ್ತು ವರ್ಷದಿಂದ ಆ ಜಾಗ ನೋಡೋಣಪ್ಪನದು. ಅದರ ಮೇಲೆ ಅವನ ಭಾಮೈದನಿಗೆ, ಅಂದರೆ ಹೆಂಡತಿಯ ತಮ್ಮನಿಗೆ, ಎಂಟು ವರ್ಷದಿಂದ ಕಣ್ಣು.

ಹಾಗಾಗಿ ಕೆಲಸ ಮುಗಿದ ಮೇಲೆ ನೋಡೋಣಪ್ಪ ದಿನಾ ಕಮ್ಮಾರಗಿತ್ತಿಯ ಅಂಗಡಿಗೆ ಹೋದ. ಗಂಡ ಸತ್ತ ಮೇಲೆ ಕುಲುಮೆಯನ್ನು ತಾನೇ ನಡೆಸುತ್ತಿದ್ದ ಮುದುಕಿ. ಚಾಕು ಚಿನ್ನದಂಥದು, ನಾಲಿಗೆ ಅದಕ್ಕಿಂತ ಹರಿತ. ಹಲಗೆಯ ಮೇಲೆ ಹನ್ನೊಂದು ಮಡಚು ಚಾಕುಗಳಿದ್ದವು. ಒಂದೊಂದನ್ನೂ ತಾನೇ ಬಿಚ್ಚಿ, ಹಿಡಿಯನ್ನು ಅವನ ಕಡೆ ಮಾಡಿ ಕೊಡುತ್ತಿದ್ದಳು. ಅದು ಅವಳ ಕಸುಬಿನ ಮರ್ಯಾದೆ.

"ಅಲಗು ನಿನ್ನ ಅಂಗೈ ಅಗಲಕ್ಕಿಂತ ಉದ್ದ ಬೇಡ. ದಿನಾ ಜೇಬಲ್ಲಿರೋ ಚಾಕು ಕತ್ತಿ ಆಗಬಾರದು. ಬಿಚ್ಚಿ ಆ ಕಡೆ ಈ ಕಡೆ ಅಲ್ಲಾಡಿಸಿ ನೋಡು, ಲಟಪಟ ಅಂದ್ರೆ ಬಿಸಾಕು. ಹಿಡಿಗೂ ಬೆನ್ನಿನ ಸ್ಪ್ರಿಂಗಿಗೂ ನಡುವೆ ಬೆಳಕು ಕಂಡ್ರೆ ಅದನ್ನ ಮಾಡಿದೋನಿಗೆ ಕಣ್ಣಿಲ್ಲ ಅಂತ."

ನೋಡೋಣಪ್ಪ ಹನ್ನೊಂದನ್ನೂ ಬೆಳಕಿಗೆ ಹಿಡಿದ. ಎಲ್ಲೂ ಬೆಳಕು ಕಾಣಲಿಲ್ಲ. ಅದೇ ಕಷ್ಟವಾಯಿತು. ಒಂದಾದರೂ ಕೆಟ್ಟದಿದ್ದರೆ ಹತ್ತಕ್ಕಿಳಿಯಬಹುದಿತ್ತು.

"ಯಾಕಯ್ಯಾ ಹಂಗೆ ದುರುಗುಟ್ಟಿ ನೋಡ್ತೀಯ? ಮದುವೆಗೆ ಹೆಣ್ಣು ಆರಿಸ್ತಿದ್ದೀಯಾ?"

"ಹೆಣ್ಣು ಆರಿಸಿದ್ದು ನಾನಲ್ಲ ಅಜ್ಜಿ, ನಮ್ಮಪ್ಪ. ಅದಕ್ಕೇ ಬೇಗ ಮುಗೀತು."

ಮೂರು ವಾರ ಹೀಗೇ ನಡೆಯಿತು. ಕಡ್ಡಿ ಕೊಯ್ದ, ಹಗ್ಗ ಕೊಯ್ದ, ಕಾಗದ ಸೀಳಿದ, ಮುಂಗೈ ಕೂದಲು ಬೋಳಿಸಿದ. ಎಡಗೈ ಮುಗಿದು ಬಲಗೈಗೆ ಬಂದಾಗ ಕಮ್ಮಾರಗಿತ್ತಿ, "ಕಾಲಿಗೆ ಇಳಿಯೋ ಮುಂಚೆ ಒಂದು ತಗೊಂಡು ಹೋಗಪ್ಪ, ಕೈ ಮುಗೀತೀನಿ," ಅಂದಳು. ಕೊನೆಗೆ ಕರಿಕೊಂಬಿನ ಹಿಡಿಯ, ಮೂರು ಹಿತ್ತಾಳೆ ಮೊಳೆಯ ಒಂದನ್ನು ಆರಿಸಿದ. ಕೈಯಲ್ಲಿಟ್ಟರೆ ಕೈಯಿಂದಲೇ ಬೆಳೆದು ಬಂದಂತಿತ್ತು.

"ಜಾಣ," ಅಂದಳು ಮುದುಕಿ. "ಇದರ ಸ್ಪ್ರಿಂಗು ಎಲ್ಲಕ್ಕಿಂತ ಬಿಗಿ. ಜೇಬಲ್ಲಿ ತಾನಾಗಿ ಬಾಯಿಬಿಡೋ ಮಾತೇ ಇಲ್ಲ. ಅಲಗಿನ ಮೇಲೆ ಉಗುರುಗೆರೆ ಇದೆಯಲ್ಲ, ಅದಕ್ಕೆ ಉಗುರು ಕೊಟ್ಟು ಎಳಿ. ಕಬ್ಬಿಣ ಗಿಬ್ಬಿಣ ತುರುಕಿದರೆ ಗೆರೆ ಕಿತ್ತುಹೋಗ್ತದೆ." ಟಪ್ ಅಂತ ಮಡಚಿ, ಅವನ ಜೇಬಿಗೆ ತಾನೇ ಇಳಿಬಿಟ್ಟಳು.

ದಾರಿಯಲ್ಲಿ ಬಿಚ್ಚಲು ಹೋದ. ಹೆಬ್ಬೆರಳು ಗೆರೆಯ ಮೇಲೆ ಜಾರಿತು. ಇನ್ನೊಂದು ಹೆಬ್ಬೆರಳು, ಅದೂ ಜಾರಿತು. ನಿಂತು ಹತ್ತೂ ಬೆರಳನ್ನು ಮುಖದ ಮುಂದೆ ಹಿಡಿದು ನೋಡಿದ. ಸುಲಿದ ಕಡಲೆಯ ಹಾಗೆ ದುಂಡಗೆ ನುಣ್ಣಗಿದ್ದವು. ಆ ಚಾಕುವನ್ನು ಆರಿಸುವ ಮೂರು ವಾರದಲ್ಲಿ, ಅದನ್ನು ಬಿಚ್ಚಲು ಬೇಕಾದ ಉಗುರನ್ನೆಲ್ಲ ತಿಂದು ಮುಗಿಸಿದ್ದ.

ತೋಟಕ್ಕೆ ವಾಪಸು ಹೋಗಿ, ಗೊಬ್ಬರದ ಕೊಟ್ಟಿಗೆಯ ಹಿಂದೆ ಕೂತು ಒದ್ದೆ ಬಟ್ಟೆ ಹಿಡಿದು ಎಳೆದ. ದಾರ ಕಟ್ಟಿ ಎಳೆದ. ಸೂಜಿ ಹಾಕಿದ, ಸೂಜಿ ಮುರಿಯಿತು. ಕೊನೆಗೆ ಹಲ್ಲು ಕೊಟ್ಟ. ಹಲ್ಲು ಅಲ್ಲಾಡಿತು, ಚಾಕು ಅಲ್ಲಾಡಲಿಲ್ಲ. ಕಮ್ಮಾರಗಿತ್ತಿಯ ಹತ್ತಿರ ವಾಪಸು ಹೋದರೆ ಮೂರು ಬೀದಿಗೆ ಸುದ್ದಿ. ಹೆಂಡತಿಯ ಕೈಗೆ ಕೊಟ್ಟರೆ ಮದುವೆಯ ವರ್ಷದ ಮಾತು ಮೇಲೆ ಬರುತ್ತದೆ. ತೊಗಟೆ ಬಿಡಲು ಇನ್ನು ಒಂಬತ್ತು ದಿನ. ಒಂಬತ್ತು ದಿನಕ್ಕೆ ಉಗುರು ಕೂದಲೆಳೆಯಷ್ಟಾದರೂ ಬೆಳೆದೀತು ಅಂತ ಲೆಕ್ಕ ಹಾಕಿ, ತನ್ನ ಬಾಯಿಂದ ತನ್ನ ಹೆಬ್ಬೆರಳನ್ನು ಕಾಪಾಡಲು ದಪ್ಪಗೆ ಬಟ್ಟೆ ಸುತ್ತಿಕೊಂಡು ಮನೆಗೆ ಹೋದ.

"ಅಯ್ಯೋ, ಏನಾಯ್ತ್ರೀ?"

"ಹೊಸ ಚಾಕು."

"ಕೈ ಜಾರಿತಾ?"

"ಇಲ್ಲ. ಬರೀ ನೋಡಿದೆ."

ಯಾಕೆ ಹಾಗಂದನೋ ಅವನಿಗೇ ಗೊತ್ತಿರಲಿಲ್ಲ. ಬೆಳಗಾಗುವುದರಲ್ಲಿ ನೋಡಿದರೇ ಕೊಯ್ಯುವ ಚಾಕುವಿನ ಸುದ್ದಿ ಸಸಿತೋಟದ ಗೇಟು ದಾಟಿ ಒಳಗೆ ಬಂದಿತ್ತು. ಮಧ್ಯಾಹ್ನ ಭಾಮೈದ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಭಾವ, ಒಂದ್ಸಲ ಬಿಚ್ಚಿ ತೋರ್ಸು."

"ಸುಮ್ಸುಮ್ನೆ ಬಿಚ್ಚೋ ಸಾಮಾನಲ್ಲಪ್ಪ ಅದು."

"ಮುಟ್ಟಲ್ಲ, ದೂರದಿಂದ ನೋಡ್ತೀನಿ."

"ನಾನೂ ದೂರದಿಂದಲೇ ನೋಡಿದ್ದು," ಅಂತ ನೋಡೋಣಪ್ಪ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಎತ್ತಿ ಹಿಡಿದ. ಭಾಮೈದ ಒಂದು ಮಾರು ಹಿಂದೆ ಸರಿದ.

ವಾರದೊಳಗೆ ಆರು ಜನ ಕಸಿಗಾರರೂ ಕಮ್ಮಾರಗಿತ್ತಿಯ ಅಂಗಡಿಗೆ ಹೋಗಿ ಅದೇ ಕರಿಕೊಂಬಿನ, ಅದೇ ಬಿಗಿ ಸ್ಪ್ರಿಂಗಿನ ಚಾಕು ಮಾಡಿಸಿಕೊಂಡು ಬಂದರು. ಯಾರಾದರೂ ತೋರಿಸು ಅಂದರೆ ಜೇಬು ತಟ್ಟಿ, "ಸುಮ್ನೆ ಬಿಚ್ಚಬಾರದು," ಅನ್ನತೊಡಗಿದರು. ನೋಡೋಣಪ್ಪನಿಗೆ ಹೊಟ್ಟೆ ಉರಿಯಿತು. ಇವರಿಗಾದರೆ ಬಿಚ್ಚಲು ಬರುತ್ತದೆ, ಬಿಚ್ಚುವುದಿಲ್ಲ. ಎಂಥಾ ಸಂಯಮ!

ಮನೆಯಲ್ಲಿ ಮಾತ್ರ ಸುಖವಾಗಿದ್ದ. ಗಾಯದ ಕೈ ಅಂತ ಹೆಂಡತಿ ಬಾವಿಯಿಂದ ಅವನ ಪಾಲಿನ ನೀರೂ ತಾನೇ ಹೊತ್ತಳು. ಹಣ್ಣು ಸುಲಿದು ಕೊಟ್ಟಳು. ಅಂಗಿಯ ಗುಂಡಿಯನ್ನೂ ಹಾಕಿದಳು.

ಹತ್ತನೆಯ ದಿನ ಬೆಳಿಗ್ಗೆ ತೋಟದ ಯಜಮಾನ ಒಂದು ಸಸಿಯ ತೊಗಟೆಯನ್ನು ಹೆಬ್ಬೆರಳಿಂದ ಒತ್ತಿದ. ಅದು ನುಣ್ಣಗೆ ಜಾರಿತು. "ಬಿಟ್ಟಿದೆ," ಅಂದ.

ನೋಡೋಣಪ್ಪ ಗೊಬ್ಬರದ ಕೊಟ್ಟಿಗೆಯ ಹಿಂದೆ ಹೋಗಿ ಬಟ್ಟೆ ಬಿಚ್ಚಿದ. ಹೆಬ್ಬೆರಳಿನ ತುದಿಯಲ್ಲಿ ಬೆಳ್ಳಗೆ ಒಂದು ಗೆರೆ, ಎಳೆ ಚಂದ್ರನ ಹಾಗೆ. ಕಣ್ಣಲ್ಲಿ ನೀರು ಬಂತು. ಬಂದು ಸಾಲಿನ ತಲೆಗೆ ನಿಂತ. ಆದರೆ ಯಜಮಾನನಿಗೆ ವರ್ಷಕ್ಕೊಂದು ಸಲ ಮಾತಾಡುವ ಅವಕಾಶ ಅದೊಂದೇ. ಹೋದ ವರ್ಷ ಸತ್ತ ಕಸಿ ಎಷ್ಟು, ಅದರಲ್ಲಿ ನೀರಿನ ತಪ್ಪೆಷ್ಟು, ಕೈಯ ತಪ್ಪೆಷ್ಟು ಅಂತ ಒಂದೊಂದಾಗಿ ಹೇಳುತ್ತ ಹೋದ. ಎಲ್ಲರ ಕಣ್ಣೂ ನೋಡೋಣಪ್ಪನ ಜೇಬಿನ ಮೇಲೆ. ಅವನಿಗೆ ಬೆವರು ಬಂತು. ಯಜಮಾನ ಮಾತು ಮುಗಿಸಿ "ಹೂಂ, ಶುರುಮಾಡು," ಅನ್ನುವ ಹೊತ್ತಿಗೆ ಅವನ ಹಲ್ಲುಗಳ ನಡುವೆ ಏನೋ ಗಟ್ಟಿಯಾದದ್ದು ಸಿಕ್ಕಿತ್ತು. ನಾಲಿಗೆಯಿಂದ ತಡವಿ ನೋಡಿದ. ಎಳೆ ಚಂದ್ರ.

ಚಾಕು ತೆಗೆದ. ಎಳೆದ. ಜಾರಿತು. ಅಂಗಿಗೆ ಕೈ ಒರೆಸಿ ಮತ್ತೆ ಎಳೆದ.

"ಆಗದಿದ್ರೆ ಬಿಡು ಭಾವ, ಬೆರಳಿಗೆ ಗಾಯ ಪಾಪ. ಮೊದಲಿನದು ನಾನು ಹಾಕ್ತೀನಿ," ಅಂತ ಭಾಮೈದ ಎದೆಯುಬ್ಬಿಸಿ ಮುಂದೆ ಬಂದ. ತನ್ನ ಚಾಕು ತೆಗೆದ. ಎಳೆದ. ಇನ್ನೊಮ್ಮೆ ಎಳೆದ. ಮೆಲ್ಲಗೆ ಪಕ್ಕದವನ ಕಡೆ ತಿರುಗಿ, "ಸ್ವಲ್ಪ ನಿನ್ನದು ಕೊಡೋ," ಅಂದ. ಪಕ್ಕದವನು ಆಕಾಶ ನೋಡಿದ. ಮಣ್ಣು ಕೆದಕಿ ಕೆದಕಿ ಸವೆದ ಬೆರಳುಗಳು ಅವರವು, ಒಬ್ಬನಿಗೂ ಉಗುರಿನ ತುದಿ ಇರಲಿಲ್ಲ. ಉಳಿದವರಾದರೂ ಬಿಚ್ಚಿಕೊಡುತ್ತಾರೆ ಅಂತ ಆರು ಜನವೂ ಒಬ್ಬರನ್ನೊಬ್ಬರು ನಂಬಿ ಧೈರ್ಯವಾಗಿ ಬಂದಿದ್ದರು. ಹೊಸದರ ಗತ್ತಿನಲ್ಲಿ ಹಳೆಯ ಚಾಕುಗಳನ್ನು ಮನೆಯಲ್ಲೇ ಬಿಟ್ಟಿದ್ದರು.

"ಏನ್ರಯ್ಯಾ ಇದು! ಏಳು ಚಾಕು, ಒಂದೂ ಬಾಯಿ ಬಿಡ್ತಿಲ್ಲ?" ಅಂದ ಯಜಮಾನ.

ಮಣ್ಣಿನ ಚೀಲ ತುಂಬುತ್ತಿದ್ದ ಹೆಂಗಸರ ನಡುವಿಂದ ನೋಡೋಣಪ್ಪನ ಹೆಂಡತಿ ಎದ್ದು ಬಂದಳು. ಸಸಿಯ ಕುಡಿ ಚಿವುಟಲಿಕ್ಕೆಂದೇ ಅವಳು ಬಲ ಹೆಬ್ಬೆರಳಿನ ಉಗುರನ್ನು ಉದ್ದಕ್ಕೆ ಬಿಟ್ಟಿದ್ದಳು.

"ಕೈ ಕೊಡಿ," ಅಂದಳು. ಅವನು ಚಾಕು ಚಾಚಿದ. "ಚಾಕಲ್ಲ, ಕೈ."

ತಿರುಗಿಸಿ ನೋಡಿದಳು. "ಗಾಯ ಎಲ್ಲಿ?"

"ವಾಸಿಯಾಯ್ತು."

"ಉಗುರೆಲ್ಲಿ?"

ಅವನು ಸಸಿಯ ಕಡೆ ನೋಡಿದ.

"ಒಂಬತ್ತು ದಿನ ನಿಮ್ಮ ಪಾಲಿನ ನೀರು ಹೊತ್ತಿದ್ದೀನಿ. ಗುಂಡಿ ಹಾಕಿದ್ದೀನಿ. ಉಗುರೆಲ್ಲಿ?"

"ತಿಂದೆ."

"ಜೋರಾಗಿ."

"ತಿಂದೆ ಕಣೇ! ಹತ್ತೂ ತಿಂದೆ! ಈಗ ತಾನೇ ಕೊನೇದೂ ತಿಂದೆ!"

ಭಾಮೈದ ಹೋ ಅಂತ ನಕ್ಕ. ಅಕ್ಕ ತಿರುಗಿದಳು. "ನಿನಗೇನೋ ಅಷ್ಟು ನಗು? ಚಾಚು ಕೈ." ಅವನು ಚಾಚಿದ. ಅವನ ಹಿಂದೆ ಉಳಿದ ಐವರೂ, ಯಾರೂ ಹೇಳದಿದ್ದರೂ, ಕೈ ಮುಂದೆ ಮಾಡಿ ಸಾಲಾಗಿ ನಿಂತರು.

ನಿಜ ಹೇಳಿದ್ದು ಒಬ್ಬನೇ ಆದ್ದರಿಂದ ಅವಳು ಗಂಡನ ಚಾಕುವನ್ನೇ ಮೊದಲು ತಗೊಂಡಳು. ಉಗುರು ಕೊಟ್ಟು ಎಳೆದಳು. ಟಪ್. ಅಲಗು ಹೊರಗೆ ಬಂದು ಬೆಳಕು ಕುಡಿಯಿತು. ನೋಡೋಣಪ್ಪ ಬಗ್ಗಿ ಮೊದಲ ಸಸಿಗೆ ಒಂದೇ ಎಳೆತ ಎಳೆದ. ತೊಗಟೆ ಕೆನೆಯ ಹಾಗೆ ಎರಡು ಕಡೆ ಸರಿಯಿತು, ಒಂದು ನಾರೂ ಹರಿಯಲಿಲ್ಲ. ಯಜಮಾನ ಬಗ್ಗಿ ನೋಡಿ ತಲೆದೂಗಿದ. ಮೂರು ವಾರ ನೋಡಿ ಆರಿಸಿದ ಚಾಕು, ಸುಮ್ಮನೆ ಅಲ್ಲ.

ಉಳಿದ ಆರನ್ನು ಅವಳು ಸಾಲಾಗಿ ಬಿಚ್ಚುತ್ತ ಹೋದಳು. ಕೆಲಸ ನಡೆಯಿತು. ಮಧ್ಯಾಹ್ನ ಏಳು ಜನವೂ ಒಂದು ಕೈಯಲ್ಲಿ ಬಿಚ್ಚಿದ ಚಾಕುವನ್ನು ದೂರ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಉಂಡರು. ಒಬ್ಬರೂ ಮಡಚುವ ಧೈರ್ಯ ಮಾಡಲಿಲ್ಲ.

ಉಂಡ ಮೇಲೆ ಭಾಮೈದ ಆಕಳಿಸಿದ, ಅಲಗನ್ನು ಪ್ಯಾಂಟಿಗೆ ಒರೆಸಿದ, ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಟಪ್ ಅಂತ ಮಡಚಿ ಜೇಬಿಗಿಟ್ಟ.

ಎಲ್ಲರೂ ಅವನನ್ನೇ ನೋಡಿದರು.

"ಅಕ್ಕಾ..." ಅಂದ.

ಚೀಲಗಳ ಆಚೆಯಿಂದ, ತಲೆ ಎತ್ತದೆ, ಉತ್ತರ ಬಂತು: "ಎರಡು ಕೊಡ ಅಲ್ಲೇ ಇದೆ. ಎಲ್ಲ ಸಾಲಿಗೂ ನೀರು ಹಾಕಿ ಬಾ, ಆಮೇಲೆ ಕೇಳು."

ಭಾಮೈದ ಕೊಡ ಎತ್ತಿದ. ನೋಡೋಣಪ್ಪ ಚಾಕುವನ್ನು ಮೈಯಿಂದ ಒಂದು ಮೊಳ ದೂರ, ಉರಿಯುವ ದೀಪದ ಹಾಗೆ ಹಿಡಿದುಕೊಂಡು, ಎರಡನೆಯ ಸಾಲಿಗೆ ನಡೆದ.