ಶೇವಂತೆವ್ವನ ಚಂದ್ರಿ

ಲೋಕದ ದನಗಾಹಿಗಳೆಲ್ಲ ಕೋಲು ಹಿಡಿದು ಮಂದೆಯ ಹಿಂದೆ ನಡೆದರೆ ಕನ್ನೊಳ್ಳಿಯ ಶೇವಂತೆವ್ವ ಬರಿಗೈಯಲ್ಲಿ ಮುಂದೆ ನಡೆಯುತ್ತಾಳೆ. ತೀರಿಹೋದ ಗಂಡನ ಖಾಕಿ ಕೋಟನ್ನು ಸೀರೆಯ ಮೇಲೆ ಏರಿಸಿಕೊಂಡು, ಎರೆಹೊಲದ ಬಿರುಕುಗಳನ್ನು ಬೀಸುಹೆಜ್ಜೆಯಲ್ಲಿ ದಾಟುತ್ತ, ಒಮ್ಮೆಯೂ ಹಿಂತಿರುಗಿ ನೋಡದೆ. ದನಗಳು ಬರುತ್ತವೋ ಇಲ್ಲವೋ ಎಂಬ ಸಂಶಯ ಆಕೆಗಿಲ್ಲ. ಬಾರದಿರುವ ಧೈರ್ಯ ದನಗಳಿಗೂ ಇಲ್ಲ. ಮಾತಿನ ಕೊನೆಗೆ 'ಹೌದಿಲ್ಲೊ?' ಎನ್ನುವುದು ಆಕೆಯ ರೂಢಿ. ಆಕಳುಗಳನ್ನೂ ಹಾಗೆಯೇ ಕೇಳಿ ಉತ್ತರಕ್ಕೆ ಕಾಯುತ್ತಾಳೆ.

ಎರಡು ವರ್ಷ ಮಳೆ ಕೈಕೊಟ್ಟಿತು. ಬಣವೆ ಕರಗಿತು, ಬಾವಿಯ ತಳ ಕಂಡಿತು. ಎಲ್ಲರೂ ಮುದಿ ದನಗಳನ್ನು ಸಾಗಹಾಕಿ ಒಳ್ಳೆಯವನ್ನು ಉಳಿಸಿಕೊಂಡರೆ, ಈ ಮಹಾತಾಯಿ ಒಳ್ಳೆಯವನ್ನೇ ಒಂದೊಂದಾಗಿ ಮಾರುತ್ತ ಬಂದಳು! ಕೊನೆಗೆ ಉಳಿದದ್ದು ಮುದಿ ಆಕಳುಗಳು, ಮತ್ತೆ ಚಂದ್ರಿ: ಗಬ್ಬವಾಗಿದ್ದ ಖಿಲಾರಿ ಜಾತಿಯ ಆಕಳು, ಅತ್ತೆಯ ಕಾಲದಿಂದ ಬಂದ ತಳಿಯ ಕೊನೆಯ ಕುಡಿ.

ಬಸವನ ಬಾಗೇವಾಡಿಯಲ್ಲಿ ಪಶುವೈದ್ಯರೂ ಗೋಪಾಲಕರೂ ವರ್ಷಕ್ಕೊಮ್ಮೆ ನೆರೆಯುವ ಸಮಾವೇಶಕ್ಕೆ ಆಕೆ ಚಂದ್ರಿಯನ್ನು ಕರೆತಂದಳು. ಮೊದಲ ಬಹುಮಾನವೇನೋ ಬಂತು. ಕೊರಳ ಹಾರ ಬಾಡುವ ಮೊದಲೇ ಮುದ್ದೇಬಿಹಾಳದ ಕಾಲುವೆ ಸೀಮೆಯ ರೈತ ನಬಿಲಾಲನೊಡನೆ ಮಾರಾಟದ ಮಾತು ಮುಗಿಸಿದ್ದಳು. ಆ ತಳಿಯನ್ನು ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ ಪಶುವೈದ್ಯೆ ಸುಮಂಗಲಾ ಸುದ್ದಿ ಕೇಳಿ ಓಡಿಬಂದಳು.

"ಯವ್ವಾ, ಇದೊಂದ ಇಟ್ಕೋ. ಇದು ಹೋದ್ರ ನಿನ್ನ ಕೊಟ್ಟಿಗ್ಯಾಗ ಈ ತಳಿನ ಮುಗೀತು. ಮುದಿ ದನಾ ಬೇಕಾರ ಗೋಶಾಲಿಗೆ ಬಿಡು."

"ಚಂದ್ರಿನ್ನ ಯಾರರೆ ಸಾಕ್ತಾರ್ರಿ ಅಕ್ಕಾರ. ಆ ಮುದುಕೇರ್ನ ನನ್ನ ಬಿಟ್ಟ ಯಾರ ನೋಡ್ತಾರ? ಇದರ ಹೊಟ್ಯಾಗಿನ ಕೂಸಿಗೆ ಹಸಿ ಹುಲ್ಲ ಬೇಕು, ನನ್ನ ಕಡೆ ಏನೈತಿ? ಹೌದಿಲ್ರಿ?"

ಸುಮಂಗಲಾಳಿಗೆ ಸಿಟ್ಟೇ ಬಂತು. ಬರಬೇಕಾದದ್ದೇ, ತಳಿ ಉಳಿಸಬೇಕೆಂಬ ಅವಳ ಮಾತಿನಲ್ಲಿ ತಪ್ಪೇನಿತ್ತು?

ನಮ್ಮ ಕಡೆ ದನ ಮಾರಿದವರು ಕೊರಳ ಹಗ್ಗವನ್ನು ಬಿಚ್ಚಿ ತಾವೇ ಇಟ್ಟುಕೊಳ್ಳುತ್ತಾರೆ; ದನ ಹೋದರೂ ಕೊಟ್ಟಿಗೆಯ ಭಾಗ್ಯ ಹಗ್ಗದೊಡನೆ ಮನೆಯಲ್ಲೇ ಉಳಿಯುತ್ತದೆಂಬ ನಂಬಿಕೆ. ನಬಿಲಾಲ ಅದಕ್ಕೆಂದೇ ಹೊಸ ಹಗ್ಗ ತಂದಿದ್ದ. ಶೇವಂತೆವ್ವ ಹಳೆಯದನ್ನು ಬಿಚ್ಚಲೇ ಇಲ್ಲ, ಅದರ ತುದಿಯನ್ನೇ ಅವನ ಕೈಗಿಡಹೋದಳು. ಸುತ್ತ ನಿಂತವರು ಹೌಹಾರಿದರು. ನಬಿಲಾಲ ಕೈ ಹಿಂದಕ್ಕೆಳೆದುಕೊಂಡ.

"ಬ್ಯಾಡವ್ವಾ, ನಿನ್ನ ನಸೀಬ ನನಗ್ಯಾಕ?"

"ನಿನಗಲ್ಲೊ ತಮ್ಮಾ, ಚಂದ್ರಿಗೆ. ಗುರ್ತಿಲ್ಲದ ಊರಿಗೆ ಹೊಂಟಾಳ, ನಸೀಬ ಆಕಿ ಸಂಗಾಟ ಇರ್ಲಿ. ನಾವು ಮುದುಕೇರು ಹೆಂಗರೆ ಬದಕ್ತೇವಿ."

ಸುಮಂಗಲಾ ಚಂದ್ರಿಯ ಬೆನ್ನ ಮೇಲೆ ಕೈಯಿಟ್ಟು ಅತ್ತುಬಿಟ್ಟಳು. ನಬಿಲಾಲ ಪೇಟ ಸರಿಮಾಡಿಕೊಂಡು ಎರಡೂ ಕೈಯೊಡ್ಡಿ ಹಗ್ಗ ತೆಗೆದುಕೊಂಡ.

ಬರ ಬಂದಾಗ ಮುಷ್ಟಿ ಬಿಗಿಹಿಡಿಯುವುದು ಮನುಷ್ಯಸಹಜ. ಕೊಟ್ಟದ್ದು ಬಾಳಲೆಂದು ತನಗುಳಿದ ಅದೃಷ್ಟವನ್ನೂ ಅದರ ಕೊರಳಿಗೇ ಬಿಟ್ಟು ಕಳಿಸುವ ಜೀವಗಳೂ ಈ ಒಣನೆಲದಲ್ಲಿವೆಯಲ್ಲ, ಅಬ್ಬಾ! ಓದದ ಮಕ್ಕಳನ್ನು 'ದನಾ ಕಾಯಾಕ ಹೋಗು' ಎಂದು ಬೈಯುತ್ತೇವೆ, ಆ ಕೆಲಸಕ್ಕೆ ಎಂಥ ಎದೆ ಬೇಕೆಂದು ತಿಳಿಯದೆ.