ಮೂರು ಸಲ ಬರಿಗಾಲು

“ಚಪ್ಲಿ ಕೈಯಾಗ ಹಿಡ್ಕೋ ಚಿಗವ್ವ. ತಲಿ ಬಗ್ಸು. ಹಂಗಲ್ಲ, ಇನ್ನಾ ಬಗ್ಸು.”

ಹೀಗಂದವನು ಸಾವ್ಕಾರನಲ್ಲ, ಉಚ್ಚಮ್ಮ ಎತ್ತಿ ಆಡಿಸಿದ ಅಕ್ಕನ ಮಗ ಸುಂಕೇಶ. ಆದೋನಿಯ ಹಾಸ್ಟೆಲಿನಲ್ಲಿ ಓದಿ ಹೈದರಾಬಾದು ಸೇರಿದ್ದವನು, ಈಗ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಊರೂರಿನ ಅಂಬೇಡ್ಕರ್ ಬೀದಿಗಳ ಸಿನಿಮಾ ತೆಗೆಯುತ್ತಿದ್ದ. ಕೋಸಗಿ ಕಡೆಯ ಈ ಊರಲ್ಲಿ ಬೀದಿಗೆ ಆ ಹೆಸರಿನ ಬೋರ್ಡು ನೆಟ್ಟ ದಿನ ಉಚ್ಚಮ್ಮನ ಗಂಡ ಚಪ್ಪಲಿ ಮೆಟ್ಟಿ, ಕೇರಿಯವರು ಬರಿಗಾಲಲ್ಲೇ ದಾಟಬೇಕಿದ್ದ ಸಾವ್ಕಾರ ಗುರುಪಾದಯ್ಯನ ಮನೆ ಕಟ್ಟೆಯ ಮುಂದೆ ನಡೆದಿದ್ದ. ಕಾಲು ಮುರಿದು ಕಳಿಸಿದ್ದರು. ಮರುದಿನದಿಂದ ಉಚ್ಚಮ್ಮ ಮೆಟ್ಟಿದಳು. ಹನ್ನೊಂದು ವರ್ಷ ಆ ಕಟ್ಟೆಯ ಮುಂದೆ ಒಂದು ದಿನವೂ ಬಿಚ್ಚಿರಲಿಲ್ಲ.

“ಹಳೇ ಕಾಲದಾಗ ಹೆಂಗಿತ್ತಂತ ತೋರ್ಸಾಕ ಅಷ್ಟ,” ಎಂದ ಸುಂಕೇಶ.

“ಯಾವ ಹಳೇ ಕಾಲಲೇ? ನಿಮ್ ಚಿಗಪ್ಪ ಇನ್ನಾ ಕುಂಟತಾನ.”

“ಆಂಟೀ, ಒಕ್ಕ ಸಾರಿ, ಪ್ಲೀಸ್,” ಒಂದೇ ಸಲ ಎಂದು ತೆಲುಗಿನಲ್ಲಿ ಬೇಡಿದಳು ಆ ಗೆಳೆಯರಲ್ಲೊಬ್ಬಳು, ಕ್ಯಾಮರಾ ಹಿಡಿದಿದ್ದ ಹಾರಿಕಾ.

ತಾನೇ ಎತ್ತಿ ಆಡಿಸಿದ ಕೂಸಿನ ಸಿನಿಮಾ. ಉಚ್ಚಮ್ಮ ಬಿಚ್ಚಿದಳು. ಕಾದ ಡಾಂಬರು ಅಂಗಾಲು ಸುಟ್ಟಿತು.

ಅದೇ ಕಟ್ಟೆಯ ಮುಂದೆ ಮೂರು ಸಲ ನಡೆಸಿದರು. ಮೂರನೆಯ ಸಲ ಕಟ್ಟೆಯ ಮೇಲೆ ನಗು ಎದ್ದಿತು. ಗುರುಪಾದಯ್ಯ ತನ್ನ ಫೋನು ಎತ್ತಿ ಹಿಡಿದಿದ್ದ.

“ನೋಡ್ರಲೇ, ಸೂಳೇಮಗಳಿಗೆ ಈಗ ಬುದ್ಧಿ ಬಂತು! ಊರಿನ ಗ್ರೂಪಿಗೆ ಹಾಕೀನಿ. ನಾಳಿಂದ ಎಲ್ಲಾರೂ ಹಿಂಗ ಬರ್ರಿ.”

ಉಚ್ಚಮ್ಮ ಸುಂಕೇಶನತ್ತ ತಿರುಗಿದಳು. “ಹೇಳಲೇ ಅವಂಗ. ಸಿನಿಮಾಕ್ಕ ನಡದಾಳ ಅಂತ ಹೇಳು.”

“ಸುಮ್ನಿರು ಚಿಗವ್ವ,” ಸುಂಕೇಶ ದನಿ ತಗ್ಗಿಸಿದ. “ಮ್ಯಾಲಿಂದ ಬೀದಿ ತೆಗ್ಯಾಕ ಅವ್ರ ಮಾಳಿಗಿ ಬೇಕಾಗೈತಿ.”

“ಬರ್ರಿ, ಚಾ ಆರತೈತಿ,” ಎಂದು ಗುರುಪಾದಯ್ಯ ಕರೆದ.

ಗೆಳೆಯರಿಬ್ಬರೂ ಶೂ ಮೆಟ್ಟಿಕೊಂಡೇ ಕಟ್ಟೆ ಹತ್ತಿದರು. ಸುಂಕೇಶ ಒಬ್ಬನೇ ಬಗ್ಗಿ, ಶೂ ಬಿಚ್ಚಿ, ಮೆಟ್ಟಿಲ ಬುಡದಲ್ಲಿಟ್ಟ. ಯಾರೂ ಅವನಿಗೆ ಹೇಳಿರಲಿಲ್ಲ.

ಉಚ್ಚಮ್ಮ ಆ ಶೂಗಳನ್ನು ನೋಡುತ್ತ ನಿಂತಳು. ಆಮೇಲೆ ಕೈಯಲ್ಲಿದ್ದ ಚಪ್ಪಲಿ ನೆಲಕ್ಕೆ ಹಾಕಿ ಮೆಟ್ಟಿದಳು.

“ಸುಂಕ್ಯಾ, ಈಗ ತೆಗಿ ಸಿನಿಮಾ.”

“ಕ್ಯಾಮರಾ ಬಂದ್ ಮಾಡೀವಿ ಚಿಗವ್ವ.”

“ಹಂಗಾದ್ರ ನೀನ ತೆಗಿಯಪಾ ಸಾವ್ಕಾರ. ಇದನ್ನೂ ಗ್ರೂಪಿಗೆ ಹಾಕು.”

ಗುರುಪಾದಯ್ಯ ಫೋನು ಇಟ್ಟು ಗೋಡೆಗೆ ಒರಗಿಸಿದ್ದ ಬಡಿಗೆಗೆ ಕೈಚಾಚಿದ. ಸುಂಕೇಶನ ಕೈಯಲ್ಲಿ ಚಹಾದ ಲೋಟ ಹಾಗೇ ಇತ್ತು. ಉಚ್ಚಮ್ಮ ಅವನ ಶೂಗಳನ್ನು ದಾಟಿ, ಚಪ್ಪಲಿ ಕಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟಳು.